ದೀನಿನ ಪಾಠ, ನೆಲದ ಮಾತು



ಅಲ್ಲಾಹನು ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಿದನೆಂದು ಸೂರಃ ಇಬ್ರಾಹೀಮ್ ತಿಳಿಸುತ್ತದೆ. ಕಲಿತದ್ದು ನಡತೆಗೆ ಇಳಿಯಬೇಕಾದರೆ ಮೊದಲು ಅರ್ಥವಾಗಬೇಕು. ನಮ್ಮ ಸೀಮೆಯ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಹಝ್ರತ್ ಖ್ವಾಜಾ ಬಂದೇನವಾಝ್(ರ) ಸುಮಾರು 1400ರಲ್ಲಿ, ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದರು. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಅರಬಿ, ಫಾರಸಿಗಳಲ್ಲಿ ಗ್ರಂಥಗಳನ್ನು ಬರೆದ ಆ ವಿದ್ವಾಂಸರು 1422ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಶಿಷ್ಯರನ್ನು ಬೆಳೆಸಿದರು.

ಗ್ರಂಥ ಓದಲಾರದ ಮನೆಗಳಿಗೆ ದೀನ್ ತಲುಪಿದ್ದು ಹೇಗೆ? 17ನೇ ಶತಮಾನದ ಹೊತ್ತಿಗೆ ವಿಜಯಪುರದ ಸೂಫಿಗಳು ದಖನಿಯಲ್ಲಿ ‘ಚಕ್ಕಿನಾಮಾ’ಗಳನ್ನು ರಚಿಸಿದ್ದರು. ಹೆಣ್ಣುಮಕ್ಕಳು ಬೀಸುವಾಗ ಹಾಡುವ ಪದಗಳವು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ತೌಹೀದ್ ಕಲಿಸಿದರು. ನೂಲುವ ರಾಟೆಗೂ ತೊಟ್ಟಿಲಿಗೂ ಇಂಥ ಪದಗಳಿದ್ದವು. ತಾಯಿ ಹಾಡಿದ್ದು ಮಡಿಲಲ್ಲಿದ್ದ ಕೂಸಿನ ಕಿವಿಗೂ ಬಿತ್ತು.

ಕನ್ನಡದಲ್ಲೂ ಇಂಥ ಕಲಿಕೆ ನಡೆಯಿತು. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ತತ್ವಪದಕಾರ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಒಬ್ಬರು. ಅವರೂ ಕನ್ನಡದಲ್ಲಿ ತತ್ವಪದ ಕಟ್ಟಿದರು. ಆಳಂದದ ಲಾಡ್ಲೆ ಮಶಾಯಿಖ್ ದರ್ಗಾಕ್ಕೆ ಇಂದಿಗೂ ಎಲ್ಲ ಸಮುದಾಯದವರೂ ಬರುತ್ತಾರೆ. ನಮ್ಮ ಅಖೀದಾ ನಮಗೆ ಸ್ಪಷ್ಟ, ಅದರಲ್ಲಿ ರಾಜಿಯಿಲ್ಲ. ಆದರೆ ನೆರೆಯವರ ಹಕ್ಕು, ಸತ್ಯ, ವಿನಯಗಳನ್ನು ಕಲಿಸಲು ನಮ್ಮ ಹಿರಿಯರು ಈ ನೆಲದ ಮಾತನ್ನು ಅನ್ಯವೆಂದು ತಳ್ಳಲಿಲ್ಲ.

ಈಗ ನಮ್ಮ ಮಕ್ಕಳನ್ನು ನೋಡೋಣ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಮದ್ರಸಾದ ಕಿತಾಬು ಉರ್ದು. ಸೂರಃ ಬಾಯಿಪಾಠವಾಗಿದೆ, ಅರ್ಥ ಕೇಳಿದರೆ ತಲೆ ತಗ್ಗಿಸುತ್ತಾರೆ. ಸೂರಃ ಮುತಫ್ಫಿಫೀನ್ ಓದಿದ ಹುಡುಗ ನಾಳೆ ತೊಗರಿ ವ್ಯಾಪಾರಕ್ಕಿಳಿದು ತೂಕದಲ್ಲಿ ಕೈ ಮಾಡಿದರೆ, ಆ ಓದು ಅವನ ಗಂಟಲಿನಿಂದ ಕೆಳಗೆ ಇಳಿದಿಲ್ಲವೆಂದೇ ಅರ್ಥ. ಅದೇ ಸೂರಃವನ್ನು ತಕ್ಕಡಿ ತೋರಿಸಿ, ಕನ್ನಡದಲ್ಲಿ ತಿಳಿಹೇಳಿದರೆ ಅವನು ಮರೆಯಲಾರ.

ಆದ್ದರಿಂದ ತಜ್ವೀದ್ ಸಹಿತ ಅರಬಿ ಓದಿಸೋಣ, ಉರ್ದು ಉಳಿಸೋಣ; ಜೊತೆಗೆ ದಿನಕ್ಕೊಂದು ಆಯತ್ ಅಥವಾ ಹದೀಸ್‌ನ ಅರ್ಥವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳೋಣ. ತಾನು ಕಳುಹಿಸಲ್ಪಟ್ಟದ್ದೇ ಸಚ್ಚಾರಿತ್ರ್ಯವನ್ನು ಪೂರ್ಣಗೊಳಿಸಲು ಎಂದವರು ನಮ್ಮ ಪ್ರವಾದಿ(ಸ). ಮದ್ರಸಾದಲ್ಲಿ ಕೇಳಿದ್ದನ್ನು ಮಗು ಮನೆಯಲ್ಲೂ ಕಾಣಬೇಕು. ಆ ಹೊಣೆ ತಂದೆತಾಯಂದಿರದು.

ಅಲ್ಲಾಹನು ನಮ್ಮ ಮಕ್ಕಳಿಗೆ ತಿಳಿವನ್ನೂ ಅದರಂತೆ ನಡೆಯುವ ತೌಫೀಕನ್ನೂ ಕರುಣಿಸಲಿ. ಆಮೀನ್.