ಕಂದಕದಿಂದ ಮೇಲೇರುವ ಗಳಿಗೆ: ಮೊದಲ ಮಹಾಯುದ್ಧದ ಸಿನಿಮಾಗಳಲ್ಲಿ ಶೌರ್ಯ ಮತ್ತು ಬಲಿದಾನ

ಮೊದಲ ಮಹಾಯುದ್ಧವನ್ನು ಕುರಿತ ಸಿನಿಮಾಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ಅಧಿಕಾರಿ ಕೈಗಡಿಯಾರ ನೋಡುತ್ತಾನೆ, ಸೀಟಿ ಊದುತ್ತಾನೆ, ಉಸಿರು ಬಿಗಿಹಿಡಿದು ನಿಂತವರು ಏಣಿ ಹತ್ತಿ ಬಯಲಿಗೆ ನುಗ್ಗುತ್ತಾರೆ. ಒಬ್ಬ ಅಲ್ಲೇ ಕುಸಿಯುತ್ತಾನೆ, ಉಳಿದವರು ಹೊಗೆಯಲ್ಲಿ ಮರೆಯಾಗುತ್ತಾರೆ. ಸೈನಿಕನ ಧೈರ್ಯ ಮತ್ತು ಬಲಿದಾನ ಎಂದಾಗ ನೂರು ವರ್ಷಗಳಿಂದ ಜಗತ್ತಿನ ಕಣ್ಣಮುಂದೆ ನಿಲ್ಲುವ ಚಿತ್ರ ಇದೇ. ಅದು ಈ ರೂಪ ತಳೆದದ್ದು 1916ರ ಬೇಸಿಗೆಯಲ್ಲಿ, ಉತ್ತರ ಫ್ರಾನ್ಸಿನಲ್ಲಿ. ಆದರೆ ರಣರಂಗದಲ್ಲಲ್ಲ, ಒಂದು ತರಬೇತಿ ಮೈದಾನದಲ್ಲಿ. ಆ ಗಳಿಗೆಯಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಕೇಳುತ್ತಾ ಹೋದರೆ, ಸತ್ತವನ ಬಲಿದಾನವನ್ನು ಯಾರು ತಮ್ಮ ಖಾತೆಗೆ ಬರೆದುಕೊಂಡರು ಎಂಬುದೂ ತಿಳಿಯುತ್ತದೆ ಎಂಬುದು ಈ ಲೇಖನದ ವಾದ.

1916ರ ಜುಲೈ 1ರಂದು ಸೋಮ್ ನದಿಯ ಪ್ರದೇಶದಲ್ಲಿ ಬ್ರಿಟಿಷ್ ಸೇನೆ ದಾಳಿಗಿಳಿಯಿತು. ಆ ಒಂದೇ ದಿನ ಅದಕ್ಕಾದ ಸಾವುನೋವು 57,470. ಅದರಲ್ಲಿ ಸತ್ತವರೇ 19,240. ಅಂದು ಮುಂಚೂಣಿಯಲ್ಲಿ ಇಬ್ಬರು ಅಧಿಕೃತ ಛಾಯಾಗ್ರಾಹಕರಿದ್ದರು: ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮ್ಯಾಕ್‌ಡೊವೆಲ್. ಬೆಳಗಿನ 7:20ಕ್ಕೆ ಹಾಥಾರ್ನ್ ದಿಬ್ಬದ ಅಡಿ ಹುಗಿದಿಟ್ಟಿದ್ದ ಭಾರಿ ಸಿಡಿಮದ್ದು ನೆಲವನ್ನು ಆಕಾಶಕ್ಕೆ ಎತ್ತಿದ್ದನ್ನು ಮ್ಯಾಲಿನ್ಸ್ ಸೆರೆಹಿಡಿದ. ದಾಳಿಗೆ ಮುನ್ನ ಬೋಮಾಂ ಹಾಮೆಲ್ ಎದುರಿನ ತಗ್ಗುದಾರಿಯಲ್ಲಿ ಕಾದು ಕುಳಿತಿದ್ದ ಲ್ಯಾಂಕಶೈರ್ ಫ್ಯುಸಿಲಿಯರ್ಸ್ ಸೈನಿಕರನ್ನೂ ಚಿತ್ರಿಸಿದ. ಆ ಮುಖಗಳನ್ನು ನೋಡಿದವರು ಸುಲಭವಾಗಿ ಮರೆಯಲಾರರು. ಕೆಲವರು ಕ್ಯಾಮೆರಾಕ್ಕೆ ನಗುತ್ತಾರೆ, ಕೆಲವರು ಅದನ್ನು ಗಮನಿಸುವುದೇ ಇಲ್ಲ.

ನಿಜವಾದ ದಾಳಿ ಮಾತ್ರ ಕ್ಯಾಮೆರಾಕ್ಕೆ ದಕ್ಕಲಿಲ್ಲ. ಕಾರಣ ಹೇಡಿತನವಲ್ಲ, ಯಂತ್ರ. ಕೈಯಿಂದ ತಿರುಗಿಸಬೇಕಾದ, ಮುಕ್ಕಾಲಿಯ ಮೇಲೆ ಕೂರಿಸಬೇಕಾದ ಭಾರದ ಪೆಟ್ಟಿಗೆ ಅದು. ಮಂದ ಬೆಳಕಿನಲ್ಲಿ ಅಂದಿನ ಫಿಲಂ ಕೆಲಸಕ್ಕೆ ಬಾರದು. ದೂರದ್ದನ್ನು ಹತ್ತಿರಕ್ಕೆ ಎಳೆಯಬಲ್ಲ ಮಸೂರವೂ ಇಲ್ಲ. ಹಾಗಾಗಿ ಮೂಲ ದಾಳಿಯ ಚಿತ್ರಣದಲ್ಲಿ ಕಾಣುವುದು ದೂರದ ಇಳಿಜಾರಿನ ಮೇಲೆ ಚಲಿಸುವ ಇರುವೆಯಂಥ ಚುಕ್ಕೆಗಳು ಮಾತ್ರ. ಇಂಥ ಚುಕ್ಕೆಗಳನ್ನು ತೋರಿಸಿ ಲಂಡನ್ನಿನ ಪ್ರೇಕ್ಷಕನನ್ನು ಕುರ್ಚಿಯಲ್ಲಿ ಕೂರಿಸುವುದು ಕಷ್ಟವಿತ್ತು.

ಆದ್ದರಿಂದ 'ದಿ ಬ್ಯಾಟಲ್ ಆಫ್ ದಿ ಸೋಮ್' ಚಿತ್ರದ ನಡುವೆ ಬರುವ ಪ್ರಸಿದ್ಧ ದೃಶ್ಯವನ್ನು ಮುಂಚೂಣಿಯಿಂದ ದೂರದ ಸೇಂಟ್ ಪೋಲ್ ಬಳಿಯ ಮಾರ್ಟರ್ ತರಬೇತಿ ಶಾಲೆಯಲ್ಲಿ ಆಡಿಸಿ ತೆಗೆಯಲಾಯಿತು ಎಂಬುದು ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ರಾಜರ್ ಸ್ಮಿದರ್ ಮುಂತಾದ ಸಂಶೋಧಕರು ತಲುಪಿದ ನಿರ್ಣಯ. ಸಾಕ್ಷ್ಯ ಚಿತ್ರದೊಳಗೇ ಇದೆ. ಕಂದಕ ಆಳವಿಲ್ಲ. ಸೈನಿಕರ ಬೆನ್ನಿಗೆ ದಾಳಿಯ ದಿನ ಇರಬೇಕಾದ ಹೊರೆ ಇಲ್ಲ. ಕ್ಯಾಮೆರಾ ನಿಂತ ಜಾಗದಲ್ಲಿ ನಿಜಯುದ್ಧದಲ್ಲಿ ನಿಂತವನು ಬದುಕುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮುಳ್ಳುತಂತಿಯ ಬಳಿ ಸತ್ತುಬಿದ್ದ ಒಬ್ಬ ಅನುಕೂಲವಾಗಲೆಂದು ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತಾನೆ! ಸುಮಾರು ಒಂದೂಕಾಲು ಗಂಟೆಯ ಚಿತ್ರದಲ್ಲಿ ಹೀಗೆ ನಟಿಸಿದ ಭಾಗ ಬಹಳ ಕಡಿಮೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅದೇ ಭಾಗ. ಗಾಯಾಳುವೊಬ್ಬನನ್ನು ಬೆನ್ನ ಮೇಲೆ ಹೊತ್ತು ಕಂದಕದಲ್ಲಿ ಸಾಗುವ ಸೈನಿಕನ ಚಿತ್ರಣ ಅಪ್ಪಟ ನಿಜ. ಶೌರ್ಯ ನೋಡಬೇಕೆಂದರೆ ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಚಿತ್ರ ಲಂಡನ್ನಿನ 34 ಚಿತ್ರಮಂದಿರಗಳಲ್ಲಿ 1916ರ ಆಗಸ್ಟ್ 21ರಂದು ತೆರೆಕಂಡಿತು. ಆಗ ಸೋಮ್‌ನಲ್ಲಿ ಕಾಳಗ ಇನ್ನೂ ನಡೆದೇ ಇತ್ತು. ಆರು ವಾರಗಳಲ್ಲಿ ಸುಮಾರು ಎರಡು ಕೋಟಿ ಟಿಕೆಟ್ಟುಗಳು ಮಾರಾಟವಾದವೆಂದು ಅಂದಾಜು. ಮನೆಯಲ್ಲಿದ್ದವರು ತಮ್ಮ ಮಗನೋ ಗಂಡನೋ ಕಂಡಾನೇ ಎಂದು ತೆರೆಯನ್ನು ಹುಡುಕಿದರು. ಡರ್ಹಮ್‌ನ ಡೀನ್ ಹೆನ್ಸ್ಲಿ ಹೆನ್ಸನ್, ದುಃಖದಲ್ಲಿರುವವರ ಎದೆಗೆ ಗಾಯ ಮಾಡುವ ಇಂಥ ಮನರಂಜನೆ ತರವಲ್ಲವೆಂದು 'ದಿ ಟೈಮ್ಸ್' ಪತ್ರಿಕೆಗೆ ಬರೆದ. ಅವನ ಮಾತಿಗೆ ಹೆಚ್ಚು ಬೆಂಬಲ ಸಿಗಲಿಲ್ಲ. ಸರ್ಕಾರದ ಲೆಕ್ಕ ಸರಳವಾಗಿತ್ತು: ಮನೆಯವರು ಈ ಚಿತ್ರ ನೋಡಿದರೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಇನ್ನಷ್ಟು ದುಡಿಯುತ್ತಾರೆ. ಜರ್ಮನಿಯೂ ಸುಮ್ಮನಿರಲಿಲ್ಲ, 1917ರ ಜನವರಿಯಲ್ಲಿ ಸೋಮ್‌ನ ತನ್ನ ವೀರರ ಬಗ್ಗೆ ಚಿತ್ರವೊಂದನ್ನು ಬಿಡುಗಡೆ ಮಾಡಿತು. ಎರಡೂ ಕಡೆ ಕ್ಯಾಮೆರಾ ನಿಂತದ್ದು ತನ್ನ ಸೇನೆಯ ಬೆನ್ನ ಹಿಂದೆ. ಹಾಗೆ ನಿಂತಾಗ ಶತ್ರುವಿಗೆ ಮುಖವಿರುವುದಿಲ್ಲ, ಬಿದ್ದವನು ದೇಶಕ್ಕಾಗಿ ಬೀಳುತ್ತಾನೆ.

ಯುದ್ಧ ಮುಗಿದ ಹತ್ತು ವರ್ಷಗಳಲ್ಲಿ ಈ ನೋಟ ಕದಲಿತು. ಆಬೆಲ್ ಗಾನ್ಸ್ 1919ರ 'ಜಾಕ್ಯೂಸ್'ನಲ್ಲಿ ಸತ್ತವರನ್ನು ಎಬ್ಬಿಸಿ ಊರಿಗೆ ನಡೆಸಿದ. ಆ ಪಾತ್ರಗಳನ್ನು ಮಾಡಿದವರು ರಜೆಯ ಮೇಲೆ ಬಂದಿದ್ದ ನಿಜ ಸೈನಿಕರು; ಅವರಲ್ಲಿ ಬಹುಮಂದಿ ಮತ್ತೆ ಮುಂಚೂಣಿಗೆ ಹೋಗಿ ಸತ್ತರೆಂದು ಗಾನ್ಸ್ ಮುಂದೆ ಹೇಳಿಕೊಂಡ. ಕಿಂಗ್ ವಿಡೋರ್ 1925ರ 'ದಿ ಬಿಗ್ ಪರೇಡ್'ನಲ್ಲಿ ಅಮೆರಿಕದ ಸೈನಿಕರನ್ನು ತಾಳಕ್ಕೆ ತಕ್ಕ ಹೆಜ್ಜೆ ಹಾಕಿಸಿ ಕಾಡಿನೊಳಗೆ ನಡೆಸಿದ. ಗುಂಡು ತಗುಲಿದವನು ತಾಳ ತಪ್ಪಿದವನಂತೆ ಉರುಳುತ್ತಾನೆ.

ನಿಜವಾದ ತಿರುವು 1930ರಲ್ಲಿ ಬಂತು. ಎರಿಕ್ ಮರಿಯಾ ರೆಮಾರ್ಕ್‌ನ ಕಾದಂಬರಿಯನ್ನು ಆಧರಿಸಿ ಲೂಯಿಸ್ ಮೈಲ್‌ಸ್ಟೋನ್ ತೆಗೆದ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಅಮೆರಿಕದ ಚಿತ್ರ, ಆದರೆ ಅದರ ನಾಯಕ ಪೌಲ್ ಬಾಯ್ಮರ್ ಜರ್ಮನ್ ಸೈನಿಕ. ಮಾತಿನ ಚಿತ್ರಗಳ ಆ ಆರಂಭದ ದಿನಗಳಲ್ಲಿ ಸದ್ದು ಮಾಡದಿರಲೆಂದು ಕ್ಯಾಮೆರಾವನ್ನು ಗೂಡಿನೊಳಗೆ ಮುಚ್ಚಿಡುತ್ತಿದ್ದರು. ಮೈಲ್‌ಸ್ಟೋನ್ ಯುದ್ಧದ ಭಾಗಗಳನ್ನು ಮೂಕಿಯಂತೆಯೇ ತೆಗೆದು ಶಬ್ದವನ್ನು ಆಮೇಲೆ ಜೋಡಿಸಿದ. ಅದರಿಂದ ಕ್ಯಾಮೆರಾಕ್ಕೆ ಕಾಲು ಬಂತು. ಕ್ರೇನಿನ ಮೇಲೇರಿ ಅದು ಕಂದಕದ ಉದ್ದಕ್ಕೂ ಸಾಗುತ್ತದೆ.

ಇಲ್ಲಿ ನಾವು ಮೇಲೇರುವವರ ಹಿಂದೆ ಇಲ್ಲ. ಎದುರು ಪಕ್ಷದ ಮೆಷಿನ್ ಗನ್ನಿನ ಕಡೆ ಇದ್ದೇವೆ. ಗನ್ನು ಬಲಕ್ಕೆ ಹೊರಳಿದಂತೆ ಓಡಿಬರುವ ಫ್ರೆಂಚರು ಸಾಲುಸಾಲಾಗಿ ಮಲಗುತ್ತಾರೆ. ಕ್ಯಾಮೆರಾ ಹೊರಳುವ ವೇಗವೂ ಗನ್ನಿನದೇ. ಒಬ್ಬ ಮುಳ್ಳುತಂತಿಯನ್ನು ಹಿಡಿದಿದ್ದಾನೆ, ಶೆಲ್ ಸಿಡಿಯುತ್ತದೆ, ಹೊಗೆ ಕರಗಿದಾಗ ತಂತಿಯ ಮೇಲೆ ಎರಡು ಕೈಗಳಷ್ಟೇ ಉಳಿದಿವೆ. ಬಳಿಕ ಜರ್ಮನರು ಪ್ರತಿದಾಳಿ ಮಾಡುತ್ತಾರೆ, ಎದುರಿನ ಗನ್ನಿಗೆ ಸಿಕ್ಕು ಅದೇ ರೀತಿ ಉರುಳುತ್ತಾರೆ, ಕೊನೆಗೆ ಎರಡು ಪಡೆಗಳೂ ಹೊರಟ ಜಾಗಕ್ಕೆ ಮರಳುತ್ತವೆ. ಬಿದ್ದವನು ಯಾವ ದೇಶದವನೆಂಬ ಪ್ರಶ್ನೆಯೇ ಇಲ್ಲಿ ಉದುರಿಹೋಗುತ್ತದೆ.

ನಾತ್ಸಿಗಳಿಗೆ ಇದು ಚೆನ್ನಾಗಿ ಅರ್ಥವಾಯಿತು. 1930ರ ಡಿಸೆಂಬರ್ 5ರಂದು ಬರ್ಲಿನ್ನಿನ ನೊಲೆಂಡಾರ್ಫ್ ಚೌಕದ ಚಿತ್ರಮಂದಿರದಲ್ಲಿ ಗೊಬೆಲ್ಸ್‌ನ ಮುಂದಾಳತ್ವದಲ್ಲಿ ಗಲಭೆ ನಡೆಯಿತು. ಗಬ್ಬುವಾಸನೆಯ ಗುಂಡುಗಳು ಸಿಡಿದವು, ಕುರ್ಚಿಗಳ ನಡುವೆ ಬಿಳಿ ಇಲಿಗಳು ಹರಿದಾಡಿದವು. ಆರೇ ದಿನಕ್ಕೆ, ಡಿಸೆಂಬರ್ 11ರಂದು, ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಹಿಟ್ಲರ್ ಅಧಿಕಾರ ಹಿಡಿಯಲು ಇನ್ನೂ ಎರಡು ವರ್ಷ ಬಾಕಿ ಇದ್ದಾಗಲೇ ಗಣರಾಜ್ಯದ ಸಂಸ್ಥೆಯೊಂದು ಹೀಗೆ ಮಣಿಯಿತು. ಜರ್ಮನ್ ಸೈನಿಕ ಹೆದರಿ ಅಳುವುದನ್ನು ತೋರಿಸಿದ್ದು ಅವಮಾನ ಎಂಬುದು ಆರೋಪ. ಚಿತ್ರ ನಿರ್ಮಿಸಿದ ಸಂಸ್ಥೆಯ ಮುಖ್ಯಸ್ಥ ಕಾರ್ಲ್ ಲೆಮ್ಲೆ ಜರ್ಮನಿಯಲ್ಲೇ ಹುಟ್ಟಿದ ಯಹೂದಿ ಎಂಬುದು ಗದ್ದಲಕ್ಕೆ ಇನ್ನಷ್ಟು ಬೆಂಕಿ ಹಚ್ಚಿತು. ಪೌಲ್ ಪಾತ್ರ ಮಾಡಿದ ಲ್ಯೂ ಏರ್ಸ್ ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ನಿರಾಕರಿಸಿದ, ಆದರೆ ಪೆಸಿಫಿಕ್ ರಣರಂಗದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ.

ಫ್ರಾನ್ಸ್‌ನ ರೇಮಂ ಬೆರ್ನಾರ್ 1932ರಲ್ಲಿ ತೆಗೆದ 'ಲೆ ಕ್ರುವಾ ದ ಬುವಾ' ಇಷ್ಟು ಪ್ರಸಿದ್ಧವಲ್ಲ, ಆದರೂ ನನ್ನ ಮಟ್ಟಿಗೆ ಇದೇ ಈ ಸಾಲಿನ ಅತ್ಯಂತ ಪ್ರಾಮಾಣಿಕ ಚಿತ್ರ. ನಟರು ಕಂದಕ ಕಂಡ ಮಾಜಿ ಸೈನಿಕರು. ಚಿತ್ರೀಕರಣ ನಡೆದದ್ದು ಶಾಂಪೇನ್‌ನ ಹಳೆಯ ರಣಭೂಮಿಯಲ್ಲಿ. ಅದರಲ್ಲೊಂದು ಪ್ರಸಂಗವಿದೆ: ತಮ್ಮ ಕಾಲಡಿ ಜರ್ಮನರು ಸುರಂಗ ತೋಡುತ್ತಿರುವ ಸದ್ದು ಸೈನಿಕರಿಗೆ ಕೇಳಿಸುತ್ತದೆ. ಬೇರೆ ತುಕಡಿ ಬಂದು ಬಿಡಿಸುವವರೆಗೆ ಅಲ್ಲಿಂದ ಕದಲುವಂತಿಲ್ಲ. ಸದ್ದು ನಡೆದಷ್ಟು ಹೊತ್ತು ಜೀವ ಉಳಿದಿದೆ, ನಿಂತರೆ ಮದ್ದು ತುಂಬುತ್ತಿದ್ದಾರೆಂದು ಅರ್ಥ. ಯಾರೂ ಏಣಿ ಹತ್ತುವುದಿಲ್ಲ, ಯಾರೂ ಕೂಗುವುದಿಲ್ಲ. ಕಂದಕದ ಬದುಕಿನ ಬಹುಪಾಲು ಹೀಗೆ ಕಾಯುವುದರಲ್ಲೇ ಕಳೆಯುತ್ತಿತ್ತು.

1957ರ ಹೊತ್ತಿಗೆ ಪ್ರಶ್ನೆ ಬೇರೆಯಾಗಿತ್ತು: ಏರದೆ ಉಳಿದವನ ಗತಿಯೇನು? ಸ್ಟ್ಯಾನ್ಲಿ ಕೂಬ್ರಿಕ್‌ನ 'ಪಾತ್ಸ್ ಆಫ್ ಗ್ಲೋರಿ'ಗೆ ಆಧಾರ ಹಂಫ್ರಿ ಕಾಬ್‌ನ 1935ರ ಕಾದಂಬರಿ. ಅದರ ಹಿಂದೆ ನಿಜ ಘಟನೆಯೊಂದರ ನೆರಳಿದೆ. 1915ರ ಮಾರ್ಚ್ 17ರಂದು ಸುಯಾಂ ಎಂಬಲ್ಲಿ ದಾಳಿಗೆ ಮುಂದಾಗದ ತುಕಡಿಯಿಂದ ಆರಿಸಿದ ನಾಲ್ವರು ಕಾರ್ಪೊರಲ್‌ಗಳನ್ನು ಫ್ರೆಂಚ್ ಸೇನೆಯೇ ಗುಂಡಿಟ್ಟು ಕೊಂದಿತು. 1934ರಲ್ಲಿ ವಿಶೇಷ ನ್ಯಾಯಾಲಯ ಅವರ ಮೇಲಿನ ಕಳಂಕವನ್ನು ತೊಡೆಯಿತು. ಚಿತ್ರದಲ್ಲಿ ಕರ್ನಲ್ ಡ್ಯಾಕ್ಸ್ (ಕರ್ಕ್ ಡಗ್ಲಸ್) ಕಂದಕದಲ್ಲಿ ನಡೆದುಬರುವಾಗ ಕ್ಯಾಮೆರಾ ಅವನೆದುರು ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಅದಕ್ಕಾಗಿಯೇ ಕಂದಕವನ್ನು ನಿಜದ್ದಕ್ಕಿಂತ ಅಗಲವಾಗಿ ತೋಡಿಸಬೇಕಾಯಿತು. ಮೊದಲ ಸಲ ಡ್ಯಾಕ್ಸ್ ಏಣಿ ಹತ್ತಿದಾಗ ದೃಶ್ಯ ನಮಗೆ ಪರಿಚಿತವಾದದ್ದೇ. ಆದರೆ ಉಳಿದವರನ್ನು ಹೊರಡಿಸಲು ಹಿಂದಿರುಗಿ ಅವನು ಎರಡನೆಯ ಸಲ ಏರುವಾಗ ಮೇಲಿಂದ ಸೈನಿಕನೊಬ್ಬನ ಶವ ಉರುಳಿ ಅವನನ್ನು ಕೆಳಕ್ಕೆ ಕೆಡವುತ್ತದೆ. 1916ರ ದೃಶ್ಯದ ಹೆಮ್ಮೆ ಮುರಿದದ್ದು ಇಲ್ಲಿ. ಮ್ಯೂನಿಕ್ ಬಳಿ ಚಿತ್ರೀಕರಿಸಿದ ಈ ಸಿನಿಮಾದಲ್ಲಿ ಫ್ರೆಂಚ್ ಸೈನಿಕರಾಗಿ ಓಡಿದವರು ಜರ್ಮನ್ ಪೊಲೀಸರು. ಫ್ರಾನ್ಸ್‌ನ ಚಿತ್ರಮಂದಿರಗಳಿಗೆ ಅದು ಬಂದದ್ದು 1975ರಲ್ಲಿ.

ಪೀಟರ್ ವಿಯರ್‌ನ 'ಗಲಿಪೊಲಿ' (1981) ಆಸ್ಟ್ರೇಲಿಯನ್ನರ ಮಟ್ಟಿಗೆ ಪುರಾಣವೇ ಆಯಿತು. 1915ರ ಆಗಸ್ಟ್ 7ರಂದು ನೆಕ್ ಎಂಬ ಇಕ್ಕಟ್ಟಿನ ದಿಣ್ಣೆಯಲ್ಲಿ ಅಲೆಯ ಮೇಲೆ ಅಲೆಯಾಗಿ ಅವರ ಸೈನಿಕರನ್ನು ಸಾವಿಗೆ ಕಳಿಸಲಾಯಿತು. ಓಡುತ್ತಿರುವ ಹುಡುಗನ ಎದೆಗೆ ಗುಂಡು ಹೊಕ್ಕ ಗಳಿಗೆಯಲ್ಲೇ ಚಿತ್ರ ಸ್ತಬ್ಧವಾಗುತ್ತದೆ. ಇತಿಹಾಸದ ದೃಷ್ಟಿಯಿಂದ ಒಂದು ಆಕ್ಷೇಪ ಹೇಳಲೇಬೇಕು: ದಾಳಿ ಮುಂದುವರಿಸುವಂತೆ ಹಟ ಹಿಡಿದ ಕರ್ನಲ್‌ನ ಉಚ್ಚಾರಣೆ ಕೇಳಿದ ಪ್ರೇಕ್ಷಕ ಅವನನ್ನು ಇಂಗ್ಲಿಷಿನವನೆಂದೇ ತಿಳಿಯುತ್ತಾನೆ, ನಿಜದಲ್ಲಿ ಹಾಗೆ ಹಟ ಹಿಡಿದವನು ಆಸ್ಟ್ರೇಲಿಯದ ಅಧಿಕಾರಿ. ಸ್ಯಾಮ್ ಮೆಂಡಿಸ್‌ನ '1917' (2019) ಮತ್ತೊಂದು ಬಗೆಯದು. ಅದರ ನಾಯಕ ದಾಳಿಗಾಗಿ ಕಂದಕ ಬಿಟ್ಟು ಏರುವುದಿಲ್ಲ. ದಾಳಿಯನ್ನು ನಿಲ್ಲಿಸುವ ಆದೇಶ ಮುಟ್ಟಿಸಲು ನುಗ್ಗುವವರಿಗೆ ಅಡ್ಡಲಾಗಿ ಓಡುತ್ತಾನೆ. ಓಟದ ನಡುವೆ ಅವನಿಗೆ ಡಿಕ್ಕಿ ಹೊಡೆದ ಸಹನಟರು ಬೇಕೆಂದು ಹಾಗೆ ಮಾಡಿದ್ದಲ್ಲ, ಆ ಎಡವಟ್ಟನ್ನು ನಿರ್ದೇಶಕ ಹಾಗೇ ಉಳಿಸಿಕೊಂಡ.

ಈ ಪರಂಪರೆಯಲ್ಲಿ ಭಾರತೀಯ ಸೈನಿಕ ಎಲ್ಲಿ? 1914ರ ಶರತ್ಕಾಲದಲ್ಲೇ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳು ಫ್ರಾನ್ಸ್ ತಲುಪಿದ್ದವು. 1915ರ ಮಾರ್ಚ್ 10ರಂದು ನವ್ ಶಾಪೆಲ್ ದಾಳಿಯಲ್ಲಿ ಭಾರತೀಯ ಸೈನಿಕರು ಮುಂಚೂಣಿಯಲ್ಲಿದ್ದರು. ಅವರು ಸಿನಿಮಾದಲ್ಲಿ ಕಾಣದಿರುವುದಕ್ಕೆ ಜನಾಂಗದ ಪೂರ್ವಗ್ರಹವಷ್ಟೇ ಕಾರಣವಲ್ಲ, ದಿನಾಂಕವೂ ಕಾರಣ. ಅಧಿಕೃತ ಕ್ಯಾಮೆರಾಗಳು ಬ್ರಿಟಿಷ್ ಮುಂಚೂಣಿಗೆ ಬಂದದ್ದು 1915ರ ನವೆಂಬರಿನಲ್ಲಿ. ಭಾರತೀಯ ಪದಾತಿಪಡೆ ಮೆಸಪೊಟೇಮಿಯಾದ ಕಡೆ ಹೊರಟದ್ದು ಅದೇ ವರ್ಷಾಂತ್ಯಕ್ಕೆ. ಉಳಿದದ್ದು ಕಿರುಚಿತ್ರದ ತುಣುಕುಗಳು. ಆಮೇಲಿನ ಚಿತ್ರಕಾರರು 1916ರ ಸೋಮ್ ಚಿತ್ರವನ್ನೇ ಮಾದರಿಯಾಗಿಟ್ಟುಕೊಂಡಾಗ ಅದರಲ್ಲಿ ಇಲ್ಲದವರು ಮುಂದೆಯೂ ಇಲ್ಲವಾದರು. '1917'ರಲ್ಲಿ ಲಾರಿಯೊಳಗೆ ಕೂತ ಒಬ್ಬ ಸಿಖ್ ಸೈನಿಕನನ್ನು ತೋರಿಸಿದ್ದಕ್ಕೇ ಚರ್ಚೆ ಎದ್ದದ್ದು ಈ ಮರೆವಿನ ಆಳಕ್ಕೆ ಸಾಕ್ಷಿ. ಕನ್ನಡನಾಡಿನ ನೆನಪಂತೂ ಕಂದಕದ್ದೇ ಅಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ನ ಕುದುರೆಗಳದ್ದು.

ಸಾಹಿತ್ಯ ಮಾತ್ರ ಸಿನಿಮಾಕ್ಕಿಂತ ಮುಂದಿತ್ತು. ಚಂದ್ರಧರ ಶರ್ಮಾ ಗುಲೇರಿಯ ಹಿಂದಿ ಕಥೆ 'ಉಸ್‌ನೇ ಕಹಾ ಥಾ' 1915ರಲ್ಲೇ ಬಂತು. ಅದರ ಲಹನಾ ಸಿಂಗ್‌ನ ಶೌರ್ಯ ನಡೆಯುವುದು ಕಂದಕದ ಒಳಗೇ: ವೇಷ ಮರೆಸಿ ಬಂದ ಜರ್ಮನನನ್ನು ಪತ್ತೆಹಚ್ಚುವುದು, ತನ್ನ ಗಾಯ ಮುಚ್ಚಿಟ್ಟು ಬೇರೆಯವರನ್ನು ಗಾಡಿಗೆ ಹತ್ತಿಸುವುದು. 1960ರಲ್ಲಿ ಬಿಮಲ್ ರಾಯ್ ನಿರ್ಮಾಣದಲ್ಲಿ ಅದು ಸುನಿಲ್ ದತ್, ನಂದಾ ಅಭಿನಯದ ಚಿತ್ರವಾಯಿತು. ಇದಾದ ಬಹುಕಾಲದ ಮೇಲೆ, 2007ರಲ್ಲಿ, ಜರ್ಮನಿಯ ಫಿಲಿಪ್ ಶೆಫ್ನರ್ 'ದಿ ಹಾಫ್‌ಮೂನ್ ಫೈಲ್ಸ್' ಎಂಬ ಸಾಕ್ಷ್ಯಚಿತ್ರ ತೆಗೆದ. ಪಶ್ಚಿಮ ರಣರಂಗದಲ್ಲಿ ಸೆರೆಸಿಕ್ಕ ಭಾರತೀಯರ ಮಾತುಗಳನ್ನು ಬರ್ಲಿನ್ ಬಳಿಯ ವ್ಯುನ್ಸ್‌ಡಾರ್ಫ್ ಶಿಬಿರದಲ್ಲಿ ಜರ್ಮನ್ ಭಾಷಾವಿದ್ವಾಂಸರು ಧ್ವನಿಮುದ್ರಿಸಿದ್ದರು. 1916ರ ಡಿಸೆಂಬರಿನಲ್ಲಿ ಹಾಗೆ ಮಾತಾಡಿದ ಮಲ್ ಸಿಂಗ್‌ನ ದನಿ ಆ ಚಿತ್ರದ ಆಧಾರ. ಅದರಲ್ಲಿ ಏಣಿಯಿಲ್ಲ, ಸೀಟಿಯಿಲ್ಲ, ದಾಳಿಯಿಲ್ಲ. ಮನೆಗೆ ಮರಳಬೇಕೆಂಬ ಪಂಜಾಬಿ ಸೈನಿಕನ ಮಾತಿದೆ. ಈ ಮುದ್ರಿಕೆಗಳು ಈಗ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿವೆ. ಫ್ರಾನ್ಸಿನಿಂದ ಭಾರತೀಯ ಸೈನಿಕರು ಬರೆದ ಕಾಗದಗಳ ಸೆನ್ಸಾರ್ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನವ್ ಶಾಪೆಲ್ ಬಗ್ಗೆ ಚಿತ್ರ ಮಾಡಹೊರಡುವವರು ಸೋಮ್‌ನ ಏಣಿಯನ್ನು ಬಿಟ್ಟು ಮೊದಲು ಈ ಕಡತಗಳನ್ನು ಬಿಚ್ಚುವುದು ಒಳ್ಳೆಯದು.