ಒಂದೇ ಜಿಲ್ಲೆ, ಹಲವು ಹವೆ: ಚಳಿಗಾಲದ ಬೈಕ್ ಸವಾರಿ

ಡಿಸೆಂಬರ್ ಮತ್ತು ಜನವರಿ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಪೂರ್ವ ಭಾಗದಲ್ಲಿ ನಸುಕಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರ ಬೀಳುವುದು ಸಾಮಾನ್ಯ. ರಾಮದುರ್ಗ ತಾಲ್ಲೂಕಿನ ಕಟಕೋಳ ಹಾಗೂ ಸುತ್ತಲಿನ ಹಳ್ಳಿಗಳಿಂದ ಹಾಲು, ತರಕಾರಿ ಹೇರಿಕೊಂಡು ಪೇಟೆಗೆ ಹೊರಡುವವರಿಗೆ, ಶಾಲೆ ಮತ್ತು ಕಚೇರಿಗಳಿಗೆ ತೆರಳುವ ನೌಕರರಿಗೆ ಬೈಕ್ ಅನಿವಾರ್ಯ ವಾಹನ. ಈ ಭಾಗದ ಚಳಿ ತಾನಾಗಿಯೇ ಪ್ರಾಣಕ್ಕೆ ಎರವಾಗುವಷ್ಟು ತೀವ್ರವಲ್ಲ. ಆದರೆ ಅದು ಸವಾರನ ಕೈಬೆರಳುಗಳನ್ನು ಮರಗಟ್ಟಿಸುತ್ತದೆ, ಕಣ್ಣಿನ ನೋಟವನ್ನು ಕುಗ್ಗಿಸುತ್ತದೆ. ಅದೇ ದಿನಗಳಲ್ಲಿ ರಸ್ತೆಗಳ ಮೇಲೆ ಸುಗ್ಗಿಯ ಸಂಚಾರವೂ ಹೆಚ್ಚುತ್ತದೆ. ಅಪಾಯ ಇರುವುದು ಇವೆಲ್ಲ ಒಟ್ಟುಗೂಡುವಲ್ಲಿ.

ಮಲಪ್ರಭೆಯ ಹಾದಿಯಲ್ಲಿ ಬದಲಾಗುವ ಹವೆ

ಜಿಲ್ಲೆಯ ಹವಾಮಾನದ ವೈವಿಧ್ಯವನ್ನು ಅರಿಯಲು ಮಲಪ್ರಭಾ ನದಿಯ ಪಾತ್ರವನ್ನು ಅನುಸರಿಸಿದರೆ ಸಾಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿ ಎಂ.ಕೆ.ಹುಬ್ಬಳ್ಳಿಯನ್ನು ಹಾಯ್ದು, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ತಂಗಿ, ರಾಮದುರ್ಗದತ್ತ ಸಾಗುತ್ತದೆ. ಉಗಮಸ್ಥಾನವು ಸಹ್ಯಾದ್ರಿಯ ದಟ್ಟ ಮಳೆಕಾಡು. ಬೈಲಹೊಂಗಲ ಮತ್ತು ಕಿತ್ತೂರಿನ ಸೀಮೆ ಮಲೆನಾಡಿಗೂ ಬಯಲಿಗೂ ನಡುವಿನ ಪ್ರದೇಶ. ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆ.

ಬಯಲಿನಲ್ಲಿ ಚಳಿಗಾಲದ ಆಕಾಶ ನಿರ್ಮಲವಾಗಿರುತ್ತದೆ, ಗಾಳಿಯಲ್ಲಿ ತೇವಾಂಶ ಕಡಿಮೆ. ಹಗಲಿನಲ್ಲಿ ಕಾದ ನೆಲ ರಾತ್ರಿ ತನ್ನ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಸೂರ್ಯೋದಯದ ಹೊತ್ತಿಗೆ ಚಳಿ ಅತ್ಯಂತ ಹೆಚ್ಚಾಗಿರುವುದಕ್ಕೆ ಇದೇ ಕಾರಣ. ರಾಜ್ಯದ ಉತ್ತರದ ಬೀದರ್, ವಿಜಯಪುರಗಳಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದೂ ಇದೇ ಬಗೆಯಲ್ಲಿ. ನದಿಯ ದಡ, ಜಲಾಶಯದ ಅಂಚು ಮತ್ತು ನೀರುಣಿಸಿದ ಕಬ್ಬಿನ ಗದ್ದೆಗಳ ತಗ್ಗು ಪ್ರದೇಶದಲ್ಲಿ ಮಾತ್ರ ತೇವ ಹೆಚ್ಚಿದ್ದು, ಅಲ್ಲಿ ಮಂಜು ಕವಿಯುತ್ತದೆ. ತಿಳಿಯಾದ ದಾರಿಯಲ್ಲಿ ವೇಗವಾಗಿ ಬಂದ ಸವಾರನು ಹಳ್ಳದ ಸೇತುವೆಯ ಬಳಿ ಒಮ್ಮೆಲೇ ಮಂಜಿನೊಳಗೆ ಹೊಗುವುದು ಹೀಗೆ. ಪಶ್ಚಿಮಕ್ಕೆ ಬೆಳಗಾವಿ ದಾಟಿ ಕಣಕುಂಬಿ, ಚೋರ್ಲಾ ಘಾಟ್ ಮೂಲಕ ಗೋವಾದತ್ತ ಇಳಿದರೆ ಕೆಲವೇ ಗಂಟೆಗಳಲ್ಲಿ ಒಣ ಚಳಿ ಮಾಯವಾಗಿ ಕರಾವಳಿಯ ಬೆವರು ಎದುರಾಗುತ್ತದೆ.

ಗಾಳಿ ಹೆಚ್ಚಿಸುವ ಚಳಿ

ನಿಂತ ಗಾಳಿಯಲ್ಲಿ ದೇಹವು ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದನ್ನು ಕಾಯ್ದುಕೊಳ್ಳುತ್ತದೆ. ವೇಗವಾಗಿ ಚಲಿಸಿದಾಗ ಆ ಪದರ ಕೊಚ್ಚಿಹೋಗುತ್ತದೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಸಂಸ್ಥೆಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, ಉಷ್ಣಾಂಶ 10 ಡಿಗ್ರಿ ಇರುವಾಗ ಗಂಟೆಗೆ 60 ಕಿ.ಮೀ. ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಸುಮಾರು 5 ಡಿಗ್ರಿಯ ಚಳಿ ತಗುಲುತ್ತದೆ. ಆದುದರಿಂದ ಅಂಗಳದಲ್ಲಿ ನಿಂತಾಗ ಸಾಕೆನಿಸುವ ಉಡುಪು ರಸ್ತೆಯ ಮೇಲೆ ಸಾಲದು.

ಉಣ್ಣೆಯ ಸ್ವೆಟರ್ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಆದರೆ ಎದುರುಗಾಳಿಯನ್ನು ತಡೆಯಲಾರದು. ಸ್ವೆಟರ್‌ನ ಮೇಲೆ ಗಾಳಿ ತೂರದ ಜಾಕೆಟ್ ಅಥವಾ ಮಳೆಗಾಲದ ರೇನ್‌ಕೋಟ್ ತೊಟ್ಟರೆ ಎರಡೂ ಕೆಲಸ ಕೂಡಿಬರುತ್ತವೆ. ಎದೆಗೆ ಹಳೆಯ ದಿನಪತ್ರಿಕೆಯನ್ನು ಮಡಿಸಿಟ್ಟುಕೊಳ್ಳುವ ರೂಢಿಯ ಹಿಂದಿರುವ ತರ್ಕವೂ ಇದೇ. ಒಂದೇ ದಪ್ಪ ಉಡುಪಿಗಿಂತ ಎರಡು ಮೂರು ತೆಳು ಪದರಗಳು ಮೇಲು. ಬಿಸಿಲೇರಿದಂತೆ ಒಂದೊಂದನ್ನೇ ಕಳಚಬಹುದು. ಮಫ್ಲರ್‌ನ ತುದಿಗಳನ್ನು ಜಾಕೆಟ್‌ನೊಳಗೆ ಸೇರಿಸುವುದು ಅಗತ್ಯ. ಜೋತಾಡುವ ಬಟ್ಟೆ ಚಕ್ರಕ್ಕೆ ಸಿಲುಕುವ ಭಯವಿದೆ.

ಎಲ್ಲಕ್ಕಿಂತ ಮುಖ್ಯವಾದುದು ಕೈಗವಸು. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವಾಗ ತಡವರಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಡವಾದರೆ ಬೈಕ್ ಅಷ್ಟರಲ್ಲೇ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಚಳಿ ಓಡಿಸಲೆಂದು ಮದ್ಯ ಸೇವಿಸುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ದೇಹಧರ್ಮಕ್ಕೂ ವಿರುದ್ಧ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ. ದಾರಿಯಲ್ಲಿ ನಿಂತು ಬಿಸಿ ಚಹಾ ಕುಡಿದು, ಕೈಗಳನ್ನು ಉಜ್ಜಿಕೊಂಡು ಹೊರಡುವುದೇ ಸರಿಯಾದ ಕ್ರಮ.

ಸುಗ್ಗಿಯ ರಸ್ತೆ

ಚಳಿಗಾಲವು ಕಬ್ಬು ನುರಿಸುವ ಕಾಲವೂ ಹೌದು. ಎರಡು ಟ್ರೇಲರ್‌ಗಳನ್ನು ಎಳೆದುಕೊಂಡು ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರ್‌ಗಳ ಹಿಂಬದಿಯಲ್ಲಿ ಅನೇಕ ವೇಳೆ ದೀಪವಾಗಲಿ, ಪ್ರತಿಫಲಕ ಪಟ್ಟಿಯಾಗಲಿ ಇರುವುದಿಲ್ಲ. ಇದ್ದರೂ ಜೋತುಬಿದ್ದ ಕಬ್ಬಿನ ಜಲ್ಲೆ ಅದನ್ನು ಮುಚ್ಚಿರುತ್ತದೆ. ಎದುರಿನಿಂದ ಬರುವ ವಾಹನದ ಪ್ರಖರ ಬೆಳಕಿಗೆ ಕಣ್ಣು ಕುಕ್ಕಿದ ಬೈಕ್ ಸವಾರನಿಗೆ ಮುಂದೆ ನಿಂತ ಟ್ರೇಲರ್ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಬೆಳಕು ಕಣ್ಣಿಗೆ ಬಿದ್ದೊಡನೆ ವೇಗ ತಗ್ಗಿಸುವುದು, ತನ್ನ ದೀಪದ ಬೆಳಕಿನ ಅಳವಿನೊಳಗೆ ನಿಲ್ಲಿಸಬಲ್ಲ ವೇಗದಲ್ಲಷ್ಟೇ ಸಾಗುವುದು ಸವಾರನ ಕೈಯಲ್ಲಿರುವ ರಕ್ಷಣೆ. ಪ್ರತಿಫಲಕ ಪಟ್ಟಿ ಅಂಟಿಸುವ ಹೊಣೆ ಟ್ರ್ಯಾಕ್ಟರ್ ಮಾಲೀಕರದು. ಅಲ್ಪ ವೆಚ್ಚದ ಈ ಕೆಲಸ ಜೀವಗಳನ್ನು ಉಳಿಸಬಲ್ಲದು.

ಡಾಂಬರು ರಸ್ತೆಯ ಮೇಲೆಯೇ ಪೈರು ಹರಡಿ ಒಕ್ಕಣೆ ಮಾಡುವ ರೂಢಿ ರಾಜ್ಯದ ಹಲವೆಡೆ ಇನ್ನೂ ಇದೆ. ಒಣ ಹೊಟ್ಟು, ಕಾಳುಗಳ ಮೇಲೆ ಬೈಕ್‌ನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಅದು ಇನ್ನಷ್ಟು ಜಾರುತ್ತದೆ. ಅಂಥಲ್ಲಿ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿಯದೆ, ಮೊದಲೇ ವೇಗ ಇಳಿಸಿ, ವಾಹನವನ್ನು ವಾಲಿಸದೆ ನೇರವಾಗಿ ದಾಟಬೇಕು. ಗೊಡಚಿಯ ವೀರಭದ್ರೇಶ್ವರ ಜಾತ್ರೆ, ಬನದ ಹುಣ್ಣಿಮೆಯ ಸವದತ್ತಿ ಯಲ್ಲಮ್ಮನಗುಡ್ಡದ ಜಾತ್ರೆ ಇದೇ ದಿನಗಳಲ್ಲಿ ನಡೆಯುವುದರಿಂದ ನಡೆದು ಸಾಗುವ ಭಕ್ತರು, ಚಕ್ಕಡಿಗಳು ರಾತ್ರಿಯಲ್ಲೂ ರಸ್ತೆಯ ಮೇಲಿರುತ್ತವೆ.

ಮಂಜು ಕವಿದಾಗ ಹೈಬೀಮ್ ನಿರುಪಯುಕ್ತ. ಮಂಜಿನ ಹನಿಗಳು ಆ ಬೆಳಕನ್ನು ಸವಾರನ ಕಣ್ಣಿಗೇ ಹಿಂದಿರುಗಿಸುತ್ತವೆ. ಲೋಬೀಮ್ ಬಳಸಬೇಕು. ಹೆಲ್ಮೆಟ್‌ನ ಗಾಜು ಉಸಿರಿನಿಂದ ಮಬ್ಬಾದರೆ ಒಂದಿಷ್ಟು ತೆರೆದಿಡಬೇಕು. ರಾತ್ರಿ ಕಪ್ಪು ಅಥವಾ ಬಣ್ಣದ ಗಾಜು ಸಲ್ಲದು.

ವಾಹನದ ಆರೈಕೆ

ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದೂವರೆ ಪೌಂಡ್ ತಗ್ಗುತ್ತದೆ. ವಾಹನ ತಣ್ಣಗಿರುವಾಗಲೇ ಒತ್ತಡ ಪರೀಕ್ಷಿಸಬೇಕು. ಬ್ಯಾಟರಿಯ ಶಕ್ತಿಯೂ ಚಳಿಯಲ್ಲಿ ಕುಂದುತ್ತದೆ. ಕಾರ್ಬುರೇಟರ್ ಇರುವ ಹಳೆಯ ಬೈಕ್‌ಗಳನ್ನು ಚೋಕ್ ಎಳೆದು ಚಾಲೂ ಮಾಡಿ, ಎಂಜಿನ್ ಬಿಸಿಯಾದೊಡನೆ ಚೋಕ್ ಮರಳಿಸಬೇಕು. ಮರೆತರೆ ಇಂಧನ ಪೋಲಾಗುವುದಲ್ಲದೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಬಳಿಕ ಬಂದ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇಂಧನ ಇಂಜೆಕ್ಷನ್ ವ್ಯವಸ್ಥೆ ಇರುವುದರಿಂದ ಚೋಕ್ ಬೇಕಾಗದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಬಿಸಿ ಮಾಡಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಿಷಕಾರಿ. ಹೊರಟ ಮೊದಲ ಎರಡು ಮೂರು ಕಿ.ಮೀ. ನಿಧಾನವಾಗಿ ಸಾಗುವುದು ಎಂಜಿನ್‌ಗೂ ಟೈರಿಗೂ ಹಿತ.

ಲಡಾಖ್ ಪ್ರವಾಸಕ್ಕೆ ತೆರಳುವ ಕನ್ನಡಿಗ ಸವಾರರಿಗೆ ಬೇರೆಯೇ ಸಿದ್ಧತೆ ಬೇಕು. ಸುಮಾರು 5,360 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ವಾಯುಭಾರ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ. ಎಂಜಿನ್ ಶಕ್ತಿ ಕುಂದುತ್ತದೆ, ಸವಾರನಿಗೂ ಉಸಿರು ಸಾಲದು. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಮೊದಲ ದಿನಗಳ ವಿಶ್ರಾಂತಿ ಅಲ್ಲಿ ಕಡ್ಡಾಯವೆಂದೇ ತಿಳಿಯಬೇಕು.

ಮಕ್ಕಳ ವಿಷಯ

ಪೆಟ್ರೋಲ್ ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವ ದೃಶ್ಯ ಊರೂರಲ್ಲಿ ಕಾಣುತ್ತದೆ. ಎದುರುಗಾಳಿಯ ಹೊಡೆತ ಮೊದಲು ತಾಗುವುದು ಆ ಮಗುವಿಗೆ. ದೇಹದ ಗಾತ್ರ ಸಣ್ಣದಾದ್ದರಿಂದ ಮಗು ಹಿರಿಯರಿಗಿಂತ ಬೇಗ ತಣ್ಣಗಾಗುತ್ತದೆ. ಕೇಂದ್ರ ಸರ್ಕಾರವು 2022ರ ಫೆಬ್ರುವರಿಯಲ್ಲಿ ಹೊರಡಿಸಿ 2023ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನೊಂದಿಗೆ ಬಂಧಿಸುವ ಸುರಕ್ಷಾ ಪಟ್ಟಿ ಅಗತ್ಯ. ಒಂಬತ್ತು ತಿಂಗಳು ಮೇಲ್ಪಟ್ಟ ಮಗುವಿಗೆ ಹೆಲ್ಮೆಟ್ ತೊಡಿಸಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಹಿರಿಯರಲ್ಲಿ ಸವಾರ ಹಾಗೂ ಹಿಂಬದಿ ಸವಾರ ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಕಡ್ಡಾಯ. ಚಳಿಗೆ ತಲೆಗೆ ಸುತ್ತುವ ಟವೆಲ್, ಮಂಕಿ ಕ್ಯಾಪ್‌ಗಳು ಅದಕ್ಕೆ ಬದಲಿಯಾಗಲಾರವು.

ಅನಿವಾರ್ಯವಲ್ಲದಿದ್ದರೆ ಸೂರ್ಯ ಮೇಲೇರಿ ಮಂಜು ಕರಗುವವರೆಗೆ ಪ್ರಯಾಣವನ್ನು ಮುಂದೂಡುವುದು ಲೇಸು. ಹೊರಡಲೇಬೇಕಾದವರು ಅರ್ಧ ಗಂಟೆ ಮೊದಲೇ ಮನೆ ಬಿಟ್ಟರೆ ರಸ್ತೆಯಲ್ಲಿ ಅವಸರ ಪಡಬೇಕಾಗುವುದಿಲ್ಲ.