ಮಿಲ್ಲಿನ ಗೇಟು, ಮಾಲಿನ ಬಾಗಿಲು

ರಾಜಾಜಿನಗರ, ಬಸವೇಶ್ವರನಗರ ಅಕ್ಕಪಕ್ಕದ ಬಡಾವಣೆಗಳು. ಬಸವಣ್ಣ ಕಾಯಕದಲ್ಲಿ ಮೇಲುಕೀಳಿಲ್ಲ ಎಂದವನು. ರಾಜಾಜಿ 1953ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, ಮಕ್ಕಳು ಅರ್ಧ ದಿನ ಶಾಲೆ ಕಲಿತು ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದವರು. ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಜನ ವಿರೋಧಿಸಿದರು. 1954ರಲ್ಲಿ ಅದು ರದ್ದಾಯಿತು. ಹಳ್ಳಿಯ ಕೇರಿ ಬಿಟ್ಟು ಬೆಂಗಳೂರಿಗೆ ಬಂದ ದಲಿತರಿಗೆ ಈ ಎರಡರಲ್ಲಿ ಯಾವುದು ದಕ್ಕಿತು? ಪಶ್ಚಿಮ ಬೆಂಗಳೂರಿನ ಚರಿತ್ರೆಯನ್ನು ನಾವು ಈ ಪ್ರಶ್ನೆಯಿಂದಲೇ ಓದಬೇಕು.

ಹಳ್ಳಿಯನ್ನು ಹಾಡಿ ಹೊಗಳುವವರನ್ನು ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲೇ ತರಾಟೆಗೆ ತೆಗೆದುಕೊಂಡರು. ಹಾಗಂತ ನಗರದ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. ಮುಂಬಯಿ ಮಿಲ್ಲುಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಕಡಿದ ನೂಲು ಜೋಡಿಸುವಾಗ ಎಂಜಲು ತಾಗುತ್ತದಲ್ಲ! ಇದನ್ನು ಎತ್ತಿ ತೋರಿಸಿದವರು ಅಂಬೇಡ್ಕರ್.

ನಮ್ಮಲ್ಲಿ 1884ರಲ್ಲಿ ಶುರುವಾಗಿ ಬಿನ್ನಿ ಕಂಪನಿಯ ಕೈಸೇರಿದ ಮಿಲ್ಲಿನ ಸುತ್ತ ಬಿನ್ನಿಪೇಟೆ ಬೆಳೆಯಿತು. ಮಿನರ್ವ ಮಿಲ್ಲನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು 1974ರಲ್ಲಿ ರಾಷ್ಟ್ರೀಕರಿಸಿತು. 1980ರ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ ಲಾ ಓದುವ ಹುಡುಗರೆಲ್ಲ ಆ ಹೆಸರು ಬಲ್ಲರು. ಅಲ್ಲಿ ದುಡಿದವರ ಹೆಸರು ಯಾರಿಗೂ ಬೇಡ. ಮಿಲ್ಲು ಸ್ವರ್ಗವೇನಲ್ಲ. ಆದರೂ ಹಾಜರಿ ಪುಸ್ತಕ, ಪಿ.ಎಫ್., ಯೂನಿಯನ್ ಇದ್ದವು. ಜಗಳ ಆಡೋಕೆ ಒಂದು ಗೇಟಾದರೂ ಇತ್ತು.

1991ರ ಆರ್ಥಿಕ ನೀತಿಯ ನಂತರ ನಗರದ ಲೆಕ್ಕಾಚಾರವೇ ಬದಲಾಯಿತು. ಬಟ್ಟೆ ನೇಯುವುದಕ್ಕಿಂತ ಮಿಲ್ಲು ನಿಂತ ನೆಲವೇ ಹೆಚ್ಚು ಲಾಭ ಕೊಡತೊಡಗಿತು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ, ರಾಜಾಜಿನಗರ ಅಂಚಿನ ಕಿರ್ಲೋಸ್ಕರ್ ನೆಲದಲ್ಲಿ ಮಾಲುಗಳೆದ್ದವು. ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿ ಮನೆಗಳು ಬಂದವು. ಬಟ್ಟೆ ಕೆಲಸ ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸಿಗೆ ಹೋಯಿತು. ಅಲ್ಲಿ ನಮ್ಮ ಹೆಣ್ಣುಮಕ್ಕಳು ಅಮೆರಿಕ, ಯೂರೋಪಿಗೆ ಹೊಲಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ಕೇಂದ್ರ ತಂದ ನಿರ್ಬಂಧದ ವಿರುದ್ಧ ಬೀದಿಗಿಳಿದು ಅದನ್ನು ಹಿಂತೆಗೆಸಿದವರೂ ಅವರೇ.

ಮಾರುಕಟ್ಟೆ ಜಾತಿ ಕೇಳಲ್ಲ, ಕಾಸು ಕೇಳುತ್ತೆ ಅನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದು ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆಯಿತು. ಅವರ ಕೈಯಲ್ಲಿ ಸಿನಿಮಾ ಟಿಕೆಟ್ಟೇ ಇತ್ತು! ನಾಡು ಸಿಟ್ಟಾಯಿತು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸಲು ಹೊರಟಿತು. ಒಳ್ಳೆಯದೇ. ಆದರೆ ಮಾಲುಗಳ ಒಳಗೆ ನೆಲ ಒರೆಸುವವಳನ್ನು ಯಾರೂ ತಡೆಯುವುದಿಲ್ಲ, ಯಾರೂ ನೋಡುವುದೂ ಇಲ್ಲ. ಅವಳು ಗುತ್ತಿಗೆಯವಳು. ಅಲ್ಲಿ ಮೀಸಲಾತಿ ಇಲ್ಲ, ಆದರೆ ಪೊರಕೆ ಯಾರಿಗೆ ಮೀಸಲು ಅಂತ ಎಲ್ಲರಿಗೂ ಗೊತ್ತು. ಜಾಗತೀಕರಣ ಜಾತಿಯನ್ನು ಗುತ್ತಿಗೆಗೆ ಕೊಟ್ಟಿದೆ.

ಬೆಂಗಳೂರಿನ ಬೀದಿ ಗುಡಿಸುವ ಕೆಲಸವೂ ಹೀಗೇ ಗುತ್ತಿಗೆದಾರರ ಪಾಲಾಗಿತ್ತು. ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಿದರು, 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿದರು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಇದು ದೊಡ್ಡ ಗೆಲುವು. ಆದರೂ ನಾವು ಕೇಳಲೇಬೇಕು: ಕೆಲಸ ಖಾಯಮ್ಮಾಯಿತು, ಅವರ ಮಕ್ಕಳ ಕೈಗೆ ಪೊರಕೆಯೂ ಖಾಯಮ್ಮೇನು?